ಬೆಂಗೇರಿಯ ಖಾದಿ ಬಾವುಟ, ಅಂಗಡಿಯ ಪಾಲಿಯೆಸ್ಟರ್ ಬಾವುಟ: ಯಾವ ಕಂಬಕ್ಕೆ ಯಾವುದು?

ಮೂರಡಿ ಉದ್ದ, ಎರಡಡಿ ಅಗಲದ ರಾಷ್ಟ್ರಧ್ವಜವೊಂದನ್ನು ಮೇಜಿನ ಮೇಲೆ ಹರಡಿ. ಚಕ್ರದ ಮೇಲಂಚಿಗೂ ಕೇಸರಿ ಪಟ್ಟಿಗೂ ನಡುವೆ ಸ್ಕೇಲ್ ಇಟ್ಟು ನೋಡಿ. ಏಳೂವರೆ ಮಿಲಿಮೀಟರ್ ಬಿಳಿ ಕಾಣಬೇಕು, ಕೆಳಗೆ ಹಸಿರಿನ ಕಡೆಯೂ ಅಷ್ಟೇ. ಲೆಕ್ಕ ಸರಳ: ಒಂದೊಂದು ಪಟ್ಟಿ 200 ಮಿ.ಮೀ., ಚಕ್ರದ ವ್ಯಾಸ 185 ಮಿ.ಮೀ., ಉಳಿದ 15ರಲ್ಲಿ ಅರ್ಧ ಮೇಲೆ, ಅರ್ಧ ಕೆಳಗೆ. ಭಾರತೀಯ ಮಾನಕ ಬ್ಯೂರೋ ಗೊತ್ತುಮಾಡಿದ ಮಾನಕದ ಪ್ರಕಾರ ತಯಾರಾದ ಖಾದಿ ಧ್ವಜದಲ್ಲಿ ಈ ಲೆಕ್ಕ ಕೂಡುತ್ತದೆ. ಆಗಸ್ಟ್ ಹತ್ತರ ಹೊತ್ತಿಗೆ ಸಿಗ್ನಲ್‌ಗಳಲ್ಲಿ, ಸ್ಟೇಷನರಿ ಅಂಗಡಿಗಳ ಬಾಗಿಲಲ್ಲಿ ಕಟ್ಟುಗಟ್ಟಲೆ ನೇತಾಡುವ ಪಾಲಿಯೆಸ್ಟರ್ ಬಾವುಟಗಳಲ್ಲಿ ಮಾತ್ರ ಚಕ್ರ ಒಂದರಲ್ಲಿ ಲಿಂಬೆಹಣ್ಣಿನಷ್ಟಿರುತ್ತದೆ, ಇನ್ನೊಂದರಲ್ಲಿ ಕೇಸರಿಗೆ ಹೋಗಿ ತಾಗಿರುತ್ತದೆ.

ಹಾಗೆಂದು ಪಾಲಿಯೆಸ್ಟರ್ ಕೆಟ್ಟದ್ದು, ಖಾದಿಯೇ ಸರಿ ಎಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವಂತಿಲ್ಲ. ಎರಡಕ್ಕೂ ಅದರದರ ಜಾಗವಿದೆ. ಶಾಲೆ, ಪಂಚಾಯಿತಿ, ಸಂಘ ಸಂಸ್ಥೆಗಳ ಕಂಬಕ್ಕೆ ಖಾದಿಯನ್ನೇ ತನ್ನಿ. ಮನೆಯ ಬಾಲ್ಕನಿಯಲ್ಲಿ ಮಳೆ ಗಾಳಿಗೆ ಒಡ್ಡಿ ದಿನಗಟ್ಟಲೆ ಹಾರಿಸುವವರಿಗೆ ಒಳ್ಳೆಯ ಪಾಲಿಯೆಸ್ಟರ್ ಸಾಕು, ಎಷ್ಟೋ ಸಲ ಅದೇ ವಾಸಿ. ‘ಒಳ್ಳೆಯ’ ಎಂಬ ಮಾತಿನಲ್ಲೇ ಇರುವುದು ಎಲ್ಲ ಕಷ್ಟ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ‘ಖಾದಿ ಅಲ್ಲದಿದ್ದರೆ ಕೇಸ್ ಆಗುತ್ತೆ’ ಎಂದು ಈಗಲೂ ಹೆದರಿಸುವವರಿದ್ದಾರೆ. ಹಿಂದೆ ಧ್ವಜ ಕೈಯಲ್ಲಿ ನೂತು ಕೈಮಗ್ಗದಲ್ಲಿ ನೇಯ್ದ ಬಟ್ಟೆಯದ್ದೇ ಆಗಬೇಕಿತ್ತು, ನಿಜ. 2002ರ ಜನವರಿ 26ರಿಂದ ಜಾರಿಯಲ್ಲಿರುವ ಭಾರತದ ಧ್ವಜ ಸಂಹಿತೆಗೆ 2021ರ ಡಿಸೆಂಬರ್ 30ರಂದು ತಿದ್ದುಪಡಿಯಾಯಿತು. ಅಲ್ಲಿಂದೀಚೆಗೆ ಕೈಯಲ್ಲಿ ಮಾಡಿದ್ದಾಗಲಿ ಯಂತ್ರದಲ್ಲಿ ಮಾಡಿದ್ದಾಗಲಿ, ಹತ್ತಿ, ಪಾಲಿಯೆಸ್ಟರ್, ಉಣ್ಣೆ, ರೇಷ್ಮೆ, ಖಾದಿ ಯಾವುದಾದರೂ ನಡೆಯುತ್ತದೆ. 2022ರ ಜುಲೈನಲ್ಲಿ ಇನ್ನೊಂದು ತಿದ್ದುಪಡಿ ಬಂತು: ಬಯಲಿನಲ್ಲಿ ಅಥವಾ ಸಾರ್ವಜನಿಕರ ಮನೆಯ ಮೇಲೆ ಹಾರಿಸಿದ ಧ್ವಜ ಹಗಲು ರಾತ್ರಿ ಹಾರಬಹುದು. ಸೂರ್ಯಾಸ್ತಕ್ಕೆ ಓಡಿಬಂದು ಇಳಿಸುವ ಕಟ್ಟುಪಾಡು ಮನೆಗಳಿಗೆ ಈಗ ಇಲ್ಲ. ಪ್ಲಾಸ್ಟಿಕ್ ಹಾಳೆಯ ಬಾವುಟದ ಮಾತೇ ಬೇರೆ. ಕರ್ನಾಟಕದಲ್ಲಿ ಅದಕ್ಕೆ 2016ರಿಂದ ನಿಷೇಧವಿದೆ, 2022ರ ಜುಲೈ 1ರಿಂದ ದೇಶಕ್ಕೆಲ್ಲ. ಮಕ್ಕಳ ಕೈಗೆ ಕೊಡುವುದಾದರೆ ಕಾಗದದ್ದು ಕೊಡಿ. ಮೆರವಣಿಗೆ ಮುಗಿದ ಮೇಲೆ ಅದನ್ನೂ ನೆಲಕ್ಕೆ ಎಸೆಯುವಂತಿಲ್ಲ.

ಈಗ ಬೆಂಗೇರಿಗೆ ಬರೋಣ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವುದು ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. 1957ರ ನವೆಂಬರ್ 1ರಂದು, ರಾಜ್ಯ ಒಂದಾಗಿ ಸರಿಯಾಗಿ ವರ್ಷ ತುಂಬಿದ ದಿನ ಶುರುವಾದ ಸಂಸ್ಥೆ. ಭಾರತೀಯ ಮಾನಕ ಬ್ಯೂರೋದ ಮಾನ್ಯತೆಯೊಂದಿಗೆ ಧ್ವಜ ತಯಾರಿಸಲು ತೊಡಗಿದ್ದು 2005-06ರ ಸುಮಾರಿಗೆ. ಮಾನಕಗಳ ಪಟ್ಟಿಯಲ್ಲಿ ರಾಷ್ಟ್ರಧ್ವಜದ್ದು ಒಂದನೇ ನಂಬರ್: ಐಎಸ್ 1. ಬಟ್ಟೆ ಬರುವುದು ಬಾಗಲಕೋಟೆ, ಧಾರವಾಡ ಸೀಮೆಯ ಮಗ್ಗಗಳಿಂದ. ಬಾಗಲಕೋಟೆ ಬಳಿಯ ತುಳಸಿಗೇರಿಯ ಹೆಸರು ಇದರಲ್ಲಿ ಹೆಚ್ಚು ಕೇಳಿಬರುತ್ತದೆ. ಧಾರವಾಡ ತಾಲ್ಲೂಕಿನ ಗರಗದ ಧ್ವಜದ ಬಟ್ಟೆಯೂ ಹಳೆಯ ಹೆಸರೇ. ನೂಲುವುದು, ನೇಯುವುದು, ಬಣ್ಣ ಹಾಕುವುದು, ಚಕ್ರ ಅಚ್ಚೊತ್ತುವುದು, ಹೊಲಿಯುವುದು, ಹಗ್ಗ ಹಾಗೂ ಟಾಗಲ್ ಎನ್ನುವ ಮರದ ಗೂಟ ಜೋಡಿಸುವುದು ಹೀಗೆ ಆರು ಹಂತ. ಕೆಲಸದವರಲ್ಲಿ ಹೆಂಗಸರೇ ಹೆಚ್ಚು.

ಈ ಧ್ವಜವನ್ನು ಕೈಗೆತ್ತಿಕೊಂಡರೆ ಮೂರು ವ್ಯತ್ಯಾಸ ಕೂಡಲೇ ಕಾಣುತ್ತವೆ. ಒಂದು, ಕೇಸರಿ, ಬಿಳಿ, ಹಸಿರು ಒಂದೇ ಬಟ್ಟೆಯ ಮೇಲೆ ಮುದ್ರಿಸಿದ ಬಣ್ಣಗಳಲ್ಲ. ಬೇರೆ ಬೇರೆ ಅದ್ದಿ, ಕತ್ತರಿಸಿ, ಒಂದಕ್ಕೊಂದು ಹೊಲಿದ ಮೂರು ಪಟ್ಟಿಗಳು. ಬಣ್ಣ ನೂಲಿನೊಳಗೆ ಇಳಿದಿರುವುದರಿಂದ ಹಿಂದೆ ಮುಂದೆ ಒಂದೇ ಗಾಢ. ದೊಡ್ಡ ಅಳತೆಯ ಧ್ವಜದಲ್ಲಿ ಒಂದೇ ಪಟ್ಟಿಯಲ್ಲಿ ಜೋಡಣೆಯ ಹೊಲಿಗೆ ಕಂಡರೆ ದೋಷವೆಂದು ವಾಪಸ್ ಮಾಡಬೇಡಿ, ತುಂಡುಗಳನ್ನು ಸೇರಿಸಿ ಪಟ್ಟಿ ಮಾಡಲು ಸಂಹಿತೆಯಲ್ಲೇ ಅವಕಾಶವಿದೆ. ಎರಡು, ಕಂಬದ ಕಡೆಯ ಅಂಚಿಗೆ ಬೇರೆಯದೇ ದಪ್ಪ ಬಟ್ಟೆಯ ಪಟ್ಟಿ. ಧ್ವಜದ ಮೈಗೆ ಬಳಸುವುದು ತೆಳುವಾದ ಖಾದಿ ಬಂಟಿಂಗ್. ಈ ಅಂಚಿಗೆ ಬಳಸುವುದು ಖಾದಿ ಡಕ್, ಬಿಳಿಚಿದ ಗೋಣಿಬಣ್ಣದ ಗಟ್ಟಿ ನೇಯ್ಗೆ. ಗಾಳಿಯ ಎಳೆತವೆಲ್ಲ ಬೀಳುವುದು ಇಲ್ಲಿಗೇ. ಮೂರು, ಆ ಪಟ್ಟಿಯೊಳಗೆ ಹಾಯ್ದ ಹಗ್ಗದ ಒಂದು ತುದಿಗೆ ಆ ಟಾಗಲ್, ಇನ್ನೊಂದು ತುದಿಗೆ ಕುಣಿಕೆ. ಕಂಬದ ಹಗ್ಗಕ್ಕೆ ಗಂಟು ಹಾಕುವ ಕೆಲಸವಿಲ್ಲದೆ ಸಿಕ್ಕಿಸಿ ತೆಗೆಯಬಹುದು. ಅಗ್ಗದ ಬಾವುಟಗಳಲ್ಲಿ ಈ ಜಾಗದಲ್ಲಿ ಕಡ್ಡಿ ತೂರಿಸಲು ಬಟ್ಟೆಯನ್ನೇ ಮಡಚಿ ಹೊಲಿದ ಕೊಳವೆ ಇರುತ್ತದೆ. ಹರಿಯುವುದಕ್ಕೆ ಶುರುವಾಗುವುದು ಅಲ್ಲಿಂದಲೇ.

ಟಾಗಲ್ ಇರುವ ತುದಿಯೇ ಮೇಲೆಂದು ನಂಬಿ ಕಣ್ಣುಮುಚ್ಚಿ ಏರಿಸಬೇಡಿ. ಬಟ್ಟೆ ಬಿಚ್ಚಿ, ಕೇಸರಿ ಮೇಲಿದೆಯೇ ಎಂದು ಕಣ್ಣಾರೆ ನೋಡಿ ಸಿಕ್ಕಿಸಿ. ಪ್ರತಿ ವರ್ಷ ಎಲ್ಲೋ ಒಂದು ಕಡೆ ತಲೆಕೆಳಗಾಗಿ ಹಾರುವ ಧ್ವಜದ ಫೋಟೋ ಪತ್ರಿಕೆಗೆ ಬರುವುದು ಮಡಚಿದ ಮೂಟೆಯನ್ನೇ ಕಟ್ಟಿ ಮೇಲೇರಿಸಿದ್ದರಿಂದ.

ಅಳತೆಯ ವಿಷಯ. ಮಾನಕದಲ್ಲಿರುವುದು ಒಂಬತ್ತು ಅಳತೆ, ಎಲ್ಲವೂ 3ಕ್ಕೆ 2ರ ಅನುಪಾತ. ದೊಡ್ಡದು 6300×4200 ಮಿ.ಮೀ., ಅಂಗಡಿ ಭಾಷೆಯಲ್ಲಿ 21×14 ಅಡಿ. ಆಮೇಲೆ 12×8, 9×6, 6×4, 4½×3, 3×2, 1½×1 ಅಡಿ. ಕೊನೆಯ ಎರಡು ಇಂಚಿನವು: 225×150 ಮಿ.ಮೀ. ಅಂದರೆ 9×6 ಇಂಚು, ಗಣ್ಯರ ಕಾರಿಗೆ, 150×100 ಮಿ.ಮೀ. ಅಂದರೆ 6×4 ಇಂಚು, ಮೇಜಿಗೆ. ಇಲ್ಲೊಂದು ಎಡವಟ್ಟಿಗೆ ದಾರಿಯಿದೆ. ಫೋನಿನಲ್ಲಿ ‘ಸಿಕ್ಸ್ ಫೋರ್ ಒಂದು ಕಳಿಸಿ’ ಎಂದರೆ ಆರಡಿಯದೂ ಬರಬಹುದು, ಆರಿಂಚಿನದೂ ಬರಬಹುದು. ‘ನೈನ್ ಸಿಕ್ಸ್’ಗೂ ಇದೇ ಪಾಡು. ಮಿಲಿಮೀಟರ್‌ನಲ್ಲಿ ಬರೆದುಕೊಡುವುದೇ ಕ್ಷೇಮ.

ಕಂಬಕ್ಕೆ ಎಷ್ಟು ದೊಡ್ಡದು ಬೇಕು? ಕಾನೂನು ಇದನ್ನು ಹೇಳುವುದಿಲ್ಲ, ರೂಢಿ ಹೇಳುತ್ತದೆ: ಧ್ವಜದ ಉದ್ದ ಕಂಬದ ಎತ್ತರದ ನಾಲ್ಕನೇ ಒಂದರಿಂದ ಮೂರನೇ ಒಂದು ಭಾಗ. ಇಪ್ಪತ್ತು ಅಡಿ ಕಂಬದ ಶಾಲೆಗೆ 6×4 ಅಡಿ ಚೆನ್ನಾಗಿ ಒಪ್ಪುತ್ತದೆ, ಹದಿನಾಲ್ಕು ಹದಿನೈದು ಅಡಿಯ ಪೈಪಿಗೆ 4½×3, ಮನೆಯ ತಾರಸಿಗೆ 3×2. ಸಣ್ಣ ಕಂಬಕ್ಕೆ ದೊಡ್ಡ ಧ್ವಜ ಕಟ್ಟಿದರೆ ಗಾಳಿ ನಿಂತಾಗ ಅದು ಕಂಬದುದ್ದಕ್ಕೂ ಜೋತುಬಿದ್ದು ಕಟ್ಟೆಗೆ, ಗಿಡಕ್ಕೆ ತಾಗುತ್ತದೆ. ಮನೆ ಮನೆಯಲ್ಲೂ ತಿರಂಗಾ ಅಭಿಯಾನ ಶುರುವಾದ 2022ರಲ್ಲಿ ಅಂಚೆ ಕಚೇರಿಗಳಲ್ಲಿ 25 ರೂಪಾಯಿಗೆ ಸಿಕ್ಕ ಬಾವುಟ 30×20 ಇಂಚಿನದು. ಈ ಒಂಬತ್ತರಲ್ಲಿ ಅದು ಇಲ್ಲ. ಆದರೂ ತಪ್ಪೇನಿಲ್ಲ, ಅನುಪಾತ 3:2 ಇದ್ದರೆ ಯಾವ ಅಳತೆಯೂ ಆಗಬಹುದೆಂದು ಗೃಹ ಸಚಿವಾಲಯವೇ ಹೇಳಿದೆ. 3×2 ಎಂದು ಬರೆದು 34×22 ಇಂಚಿನ ಬಟ್ಟೆ ಕೊಟ್ಟರೆ ಆಗ ತಪ್ಪು.

ಬೆಲೆಯಲ್ಲಿ ಆಕಾಶ ಭೂಮಿಯ ಅಂತರ. ಖಾದಿಯ ಚಿಕ್ಕ ಅಳತೆಗಳು ನೂರುಗಳಲ್ಲಿ, 21×14 ಅಡಿಯದ್ದು ಹತ್ತು ಸಾವಿರ ದಾಟಿ ಹೋಗುತ್ತದೆ. ಎರಡು ಬಗೆಯ ಧ್ವಜಕ್ಕೂ ಜಿಎಸ್‌ಟಿ ಇಲ್ಲ. ಬಿಲ್ಲಿನಲ್ಲಿ ಧ್ವಜದ ಸಾಲಿಗೆ ತೆರಿಗೆ ಸೇರಿಸಿದ್ದರೆ ಕೇಳಿ. ಖಾದಿ ಭಂಡಾರಗಳಲ್ಲಿ 3×2 ಅಡಿಯದ್ದು ಬೇಗ ಖಾಲಿಯಾಗುತ್ತದೆ. ಆಗಸ್ಟ್ ಎರಡನೇ ವಾರ ಹೋಗಿ ‘ಸ್ಟಾಕ್ ಇಲ್ಲ’ ಅನ್ನಿಸಿಕೊಳ್ಳುವುದಕ್ಕಿಂತ ಜೂನ್‌ನಲ್ಲೇ ತಂದಿಟ್ಟುಕೊಳ್ಳಿ.

ಪಾಲಿಯೆಸ್ಟರ್ ಕೊಳ್ಳುವವರು ಅಂಗಡಿಯಲ್ಲಿ ನಿಂತು ಎರಡು ನಿಮಿಷ ಪರೀಕ್ಷೆ ಮಾಡಬಹುದು. ಧ್ವಜವನ್ನು ಉದ್ದಕ್ಕೆ ಸರಿಯಾಗಿ ಅರ್ಧ ಮಡಚಿ. ಮಡಿಕೆ ಚಕ್ರದ ನಡುಮಧ್ಯದ ಬೊಟ್ಟಿನ ಮೇಲೆ ಹಾದುಹೋಗಬೇಕು. ಬಿಚ್ಚಿ, ಅಡ್ಡಕ್ಕೆ ಅರ್ಧ ಮಡಚಿ. ಆಗಲೂ ಅಷ್ಟೇ. ಅಡ್ಡ ಮಡಿಕೆಯಲ್ಲಿ ಒಂದು ಬೆರಳಗಲ ತಪ್ಪಿದ್ದರೆ ಕಂಬದ ಕಡೆ ಕೊಳವೆ ಹೊಲಿಯಲು ಬಟ್ಟೆ ತಿಂದಿದ್ದಾರೆಂದು ಅರ್ಥ, ಚಕ್ರ ಒಂದು ಕಡೆಗೆ ವಾಲಿದೆ. ಆಮೇಲೆ ಗೆರೆ ಎಣಿಸಿ. 24ನ್ನೂ ಎಣಿಸುವ ತಾಳ್ಮೆ ಇಲ್ಲದಿದ್ದರೆ ಕಾಲು ಭಾಗ ಸಾಕು: ನೆಟ್ಟಗೆ ಮೇಲೆ ಒಂದು ಗೆರೆ, ನೆಟ್ಟಗೆ ಬಲಕ್ಕೆ ಒಂದು ಗೆರೆ, ಅವೆರಡರ ನಡುವೆ ಐದು. ಆರಿದ್ದರೂ ನಾಲ್ಕಿದ್ದರೂ ಬೇಡ. ಧ್ವಜವನ್ನು ತಿರುಗಿಸಿ ಹಿಂಬದಿ ನೋಡಿ. ಚಕ್ರ ಎರಡೂ ಕಡೆ ಪೂರ್ತಿ ಕಾಣಬೇಕೆಂಬುದು ಸಂಹಿತೆಯ ಮಾತು. ಒಂದೇ ಕಡೆ ಮುದ್ರಿಸಿದ ದಪ್ಪ ಬಟ್ಟೆಯಲ್ಲಿ ಹಿಂದೆ ಬೂದು ನೆರಳಷ್ಟೇ ಕಾಣುತ್ತದೆ. ಚಕ್ರದ ಬಣ್ಣ ಕಡುನೀಲಿ, ಕಪ್ಪಲ್ಲ, ಆಕಾಶನೀಲಿಯೂ ಅಲ್ಲ. ಕೊನೆಗೆ ಹಾರುವ ತುದಿಯ ಅಂಚು. ಎರಡು ಸಾಲು ಹೊಲಿಗೆ ಇದ್ದರೆ ಕೊಳ್ಳಿ. ಬಿಸಿ ತಂತಿಯಿಂದ ಕೊಯ್ದು ಹಾಗೇ ಬಿಟ್ಟ ಅಂಚು ಆಷಾಢದ ಗಾಳಿಗೆ ನಾಲ್ಕು ದಿನ ಪಟಪಟ ಬಡಿದರೆ ನೂಲು ಎದ್ದು ಜುಂಜಿನಂತಾಗುತ್ತದೆ.

ಆ ಜುಂಜು ಅಂದಗೇಡಿನ ಮಾತಷ್ಟೇ ಅಲ್ಲ. ಹರಿದ, ಮುದುಡಿದ ಧ್ವಜವನ್ನು ಪ್ರದರ್ಶಿಸಬಾರದು ಎಂಬುದು ಸಂಹಿತೆಯ ನಿಯಮ. ಹಗಲು ರಾತ್ರಿ ಹಾರಿಸಬಹುದೆಂಬ ಸಡಿಲಿಕೆಯಿಂದ ಆಗಿರುವ ತೊಂದರೆಯೂ ಇದೇ. ಆಗಸ್ಟ್ 13ಕ್ಕೆ ಕಟ್ಟಿದ್ದನ್ನು ಇಳಿಸುವುದು ಮರೆತು, ದಸರೆಯ ಹೊತ್ತಿಗೆ ಕೇಸರಿ ಹೋಗಿ ಹಳದಿಯಾಗಿ, ತುದಿ ಚಿಂದಿಯಾಗಿ ನೇತಾಡುವ ಬಾವುಟಗಳು ಯಾವ ಬೀದಿಯಲ್ಲಿಲ್ಲ? ವಾರಕ್ಕೊಮ್ಮೆ ಹಾರುವ ತುದಿಯನ್ನು ಕೈಯಲ್ಲಿ ಹಿಡಿದು ನೋಡಲಾಗದವರು ಮೂರು ದಿನ ಹಾರಿಸಿ ಇಳಿಸುವುದೇ ಸರಿ.

ಮಳೆಯಲ್ಲಿ ಎರಡರ ಗುಣವೂ ಬೇರೆ. ಖಾದಿ ನೀರು ಕುಡಿದು ಭಾರವಾಗಿ, ಸಣ್ಣ ಗಾಳಿಗೆ ಎದ್ದೇಳದೆ ಕಂಬಕ್ಕೆ ಅಂಟಿಕೊಳ್ಳುತ್ತದೆ. ಒಣಗುವ ಮೊದಲು ಮಡಚಿದರೆ ಎರಡೇ ದಿನಕ್ಕೆ ಕಪ್ಪು ಬೂಷ್ಟಿನ ಚುಕ್ಕೆ. ಪಾಲಿಯೆಸ್ಟರ್ ಕೊಡವಿದರೆ ಒಣಗುತ್ತದೆ, ಮೆಲುಗಾಳಿಗೂ ಹಾರುತ್ತದೆ. ಮಲೆನಾಡು, ಕರಾವಳಿಯ ಆಗಸ್ಟಿಗೆ ಮನೆಯ ಮೇಲೆ ಪಾಲಿಯೆಸ್ಟರ್ ಎಂದದ್ದು ಇದಕ್ಕೇ. ಬೆಳಗಾವಿ ಕೋಟೆ ಕೆರೆಯ 110 ಮೀಟರ್ ಕಂಬದಂಥ ಎತ್ತರಕ್ಕೂ ಹತ್ತಿಯ ಬಟ್ಟೆ ಆಗಿಬರುವುದಿಲ್ಲ. ಆದರೆ ಬಿಸಿಲಲ್ಲಿ, ಎರಡು ಗಂಟೆಯ ಸಮಾರಂಭದಲ್ಲಿ, ಖಾದಿ ಬೀಳುವ ರೀತಿ, ತೆರೆದುಕೊಳ್ಳುವ ರೀತಿ ಪಾಲಿಯೆಸ್ಟರಿಗೆ ಬಾರದು. ಅದು ಮಿರಿಮಿರಿ ಮಿಂಚುತ್ತದೆ. ಧ್ವಜಕ್ಕೆ ಆ ಮಿಂಚು ಹೊಂದುವುದಿಲ್ಲ.

ಇನ್ನು ಧ್ವಜ ಬಿಚ್ಚಿಕೊಳ್ಳದ ಕಥೆ. ಮುಖ್ಯ ಅತಿಥಿ ಹಗ್ಗ ಎಳೆಯುತ್ತಾರೆ, ಮೂಟೆ ಅಲುಗುವುದಿಲ್ಲ, ಬ್ಯಾಂಡಿನವರು ಕಾಯುತ್ತಾರೆ, ಯಾರೋ ಹುಡುಗ ಕಂಬ ಹತ್ತುತ್ತಾನೆ. ಬೈಸಿಕೊಳ್ಳುವವರು ದೈಹಿಕ ಶಿಕ್ಷಕರು. ಧ್ವಜ ಎಷ್ಟೇ ಚೆನ್ನಾಗಿರಲಿ, ಕಟ್ಟುವುದು ತಪ್ಪಿದರೆ ಹೀಗೇ. ಭಾರತ ಸೇವಾದಳದ ತರಬೇತಿಯಾದ ಶಿಕ್ಷಕರಿರುವ ಶಾಲೆಗಳಲ್ಲಿ ಈ ಫಜೀತಿ ಕಡಿಮೆ, ಏಕೆಂದರೆ ಅವರು ಹಿಂದಿನ ದಿನವೇ ಎಳೆದು ನೋಡಿರುತ್ತಾರೆ.

ಕ್ರಮ ಇಷ್ಟು. ಇಬ್ಬರು ಎದುರುಬದುರು ನಿಂತು ಧ್ವಜವನ್ನು ನೆಲಕ್ಕೆ ತಾಗದಂತೆ ಬಿಗಿಯಾಗಿ ಹಿಡಿಯಿರಿ. ಕೇಸರಿಯನ್ನು ಬಿಳಿಯ ಮೇಲೆ ಮಡಚಿ, ಅದರ ಮೇಲೆ ಹಸಿರನ್ನು ತನ್ನಿ. ಈಗ ಒಂದು ಪಟ್ಟಿಯಗಲದ ಉದ್ದನೆಯ ಬಟ್ಟೆ ಸಿಕ್ಕಿತು. ಹಾರುವ ತುದಿಯಿಂದ ಕಂಬದ ಕಡೆಗೆ ಗೇಣಿಗೊಂದರಂತೆ ಸೀರೆಯ ನೆರಿಗೆ ಹಿಡಿದ ಹಾಗೆ ಹಿಂದೆ ಮುಂದೆ ಮಡಚುತ್ತ ಬನ್ನಿ. ಚಾಪೆಯಂತೆ ಸುರುಳಿ ಸುತ್ತಬೇಡಿ. ಸುರುಳಿ ಬಿಚ್ಚಿಕೊಳ್ಳಲು ಗಾಳಿ ಬೇಕು, ನೆರಿಗೆ ತನ್ನ ಭಾರಕ್ಕೆ ತಾನೇ ಬೀಳುತ್ತದೆ. ಹೂವಿನ ಎಸಳು ಹಾಕುವುದಿದ್ದರೆ ಕೊನೆಯ ಎರಡು ನೆರಿಗೆಯೊಳಗೆ ಒಂದು ಹಿಡಿ, ಹೆಚ್ಚು ಬೇಡ. ಧ್ವಜದಲ್ಲಿ ಏನನ್ನೂ ತುಂಬಬಾರದೆಂಬ ನಿಯಮಕ್ಕೆ ರಾಷ್ಟ್ರೀಯ ಹಬ್ಬದ ದಿನಗಳ ಎಸಳೊಂದೇ ವಿನಾಯಿತಿ. ಎಸಳು ಒಣಗಿರಲಿ. ನೀರು ಚಿಮುಕಿಸಿಟ್ಟ ಗುಲಾಬಿ ಎಸಳು ಬಿಳಿ ಖಾದಿಗೆ ಗುಲಾಬಿ ಕಲೆ ಹಚ್ಚುತ್ತದೆ, ತೊಳೆದರೂ ಹೋಗುವುದಿಲ್ಲ. ಇಡೀ ಚೆಂಡು ಹೂ ಹಾಕಿದರೆ ಮೂಟೆ ಒಂದು ಕಡೆಗೆ ಜಗ್ಗುತ್ತದೆ.

ಮೂಟೆ ಕಟ್ಟಲು ಬೇರೆ ದಾರ ಬೇಡ. ಧ್ವಜದ ಕೆಳಮೂಲೆಗೆ ಸಿಕ್ಕಿಸಿದ ಹಗ್ಗವನ್ನೇ ಮೂಟೆಯ ನಡುವಿಗೆ ಒಂದೇ ಒಂದು ಸುತ್ತು ತನ್ನಿ. ಅದೇ ಹಗ್ಗವನ್ನು ಮಡಚಿ ಒಂದು ಕುಣಿಕೆ ಮಾಡಿ, ಆ ಸುತ್ತಿನ ಅಡಿಗೆ ಎರಡು ಬೆರಳಷ್ಟು ತೂರಿಸಿ. ಇದು ಜೀರುಗುಣಿಕೆ, ತುದಿ ಎಳೆದರೆ ಜಾರಿ ಬರಬೇಕು. ಹಗ್ಗದ ತುದಿಯನ್ನೇ ತೂರಿಸಿಬಿಟ್ಟರೆ ಅದು ಗಂಟು, ಎಳೆದಷ್ಟೂ ಬಿಗಿಯುತ್ತದೆ. ‘ಮೇಲೆ ಹೋಗುವಾಗ ಬಿಚ್ಚಿಕೊಂಡರೆ’ ಎಂಬ ಹೆದರಿಕೆಯಲ್ಲಿ ಎರಡನೇ ಸುತ್ತು ಹಾಕುವವರೇ ಮರುದಿನ ಮೈದಾನದಲ್ಲಿ ಬೆವರುವುದು. ಹೊಸ ನೈಲಾನ್ ಹಗ್ಗ ಜಾರುತ್ತದೆ, ಅರ್ಧ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ. ಕಿರುಬೆರಳಿಗಿಂತ ತೆಳುವಾದ ಹೆಣೆದ ಹತ್ತಿ ಹಗ್ಗ ಒಳ್ಳೆಯದು, ಆದರೆ ನೆನೆದರೆ ಉಬ್ಬಿ ಕುಣಿಕೆಯನ್ನು ಕಚ್ಚಿಹಿಡಿಯುತ್ತದೆ. ಆದ್ದರಿಂದ ಮೂಟೆಯನ್ನು ಹಿಂದಿನ ಸಂಜೆ ಕಟ್ಟಿ ಒಳಗಿಡಿ; ಮೇಲೇರಿಸುವುದು ಬೆಳಿಗ್ಗೆ, ಸಮಾರಂಭಕ್ಕೆ ಅರ್ಧ ಗಂಟೆ ಮೊದಲು.

ಕೊನೆಯ ತಪ್ಪು ಹಗ್ಗದ್ದು. ಮೇಲಿನ ರಾಟೆಗೆ ಹೋಗಿ ಬರುವ ಹಗ್ಗವನ್ನು ಕಂಬದ ಕೊಂಡಿಗೆ ಬಿಗಿದು, ಪಕ್ಕದಲ್ಲೊಬ್ಬರು ನಿಲ್ಲಬೇಕು. ಅತಿಥಿಯ ಕೈಗೆ ಹೋಗಬೇಕಾದ್ದು ಧ್ವಜದ ಕೆಳಗಿನಿಂದ ಬಂದ ಹಗ್ಗ ಮಾತ್ರ. ಎರಡೂ ಹಗ್ಗ ಒಟ್ಟಿಗೆ ಕೈಗಿತ್ತರೆ ಅವರು ತಪ್ಪಿದ್ದನ್ನೇ ಎಳೆಯುತ್ತಾರೆ, ಮೂಟೆ ಹೋಗಿ ರಾಟೆಗೆ ಕಚ್ಚಿಕೊಳ್ಳುತ್ತದೆ. ಮೂಟೆ ಕಟ್ಟದೆ ಕೆಳಗಿನಿಂದಲೇ ಏರಿಸುವುದಾದರೆ ಏರಿಸುವಾಗ ಚುರುಕು, ಸಂಜೆ ಇಳಿಸುವಾಗ ನಿಧಾನ.

ಮನೆಯವರಿಗೆ ಇಷ್ಟೆಲ್ಲ ಬೇಕಿಲ್ಲ. ಬಾಲ್ಕನಿಯಿಂದ ಓರೆಯಾಗಿ ಚಾಚಿದ ಕೋಲಿಗೆ ಕಟ್ಟುವಾಗ ಕೇಸರಿ ಕೋಲಿನ ಹೊರತುದಿಗೆ ಬರಬೇಕು. ಗೋಡೆಗೆ ಅಡ್ಡಡ್ಡ ಹರಡಿದರೆ ಕೇಸರಿ ಮೇಲೆ, ಉದ್ದುದ್ದ ಇಳಿಬಿಟ್ಟರೆ ನೋಡುವವರ ಎಡಗೈ ಕಡೆಗೆ. ಸಭೆಯ ವೇದಿಕೆಯಲ್ಲಾದರೆ ಸಭಿಕರಿಗೆ ಮುಖ ಮಾಡಿದ ಭಾಷಣಕಾರರ ಬಲಕ್ಕೆ. ಪಿನ್ನು, ಮೊಳೆ ಹೊಡೆದು ಬಟ್ಟೆ ಹರಿಸಬೇಡಿ. ಧ್ವಜ ಹಾರುವ ಕಂಬದ ಮೇಲೆ ಹಾರ, ಹೂವು, ಲಾಂಛನ ಏನೂ ಇರುವಂತಿಲ್ಲ. ಹಬ್ಬದ ಭರದಲ್ಲಿ ಕಂಬದ ತುದಿಗೇ ಚೆಂಡುಹೂವಿನ ಹಾರ ಸುತ್ತುವುದು ಸಾಮಾನ್ಯ, ಅದು ತಪ್ಪು. ಕಂಬದ ಬುಡದ ಕಟ್ಟೆಗೆ ರಂಗೋಲಿ ಧಾರಾಳವಾಗಿ ಹಾಕಿಕೊಳ್ಳಿ.

ನಮ್ಮಲ್ಲೇ ಹೆಚ್ಚು ಕೇಳುವ ಪ್ರಶ್ನೆ ನವೆಂಬರಿನದು. ಹಳದಿ ಕೆಂಪು ಕನ್ನಡ ಬಾವುಟವನ್ನು ರಾಷ್ಟ್ರಧ್ವಜದ ಕಂಬಕ್ಕೇ, ಅದರ ಕೆಳಗೆ ಕಟ್ಟಬಹುದೇ? ಕಟ್ಟುವಂತಿಲ್ಲ. ಒಂದೇ ಕಂಬದಲ್ಲಿ ಎರಡು ಧ್ವಜ ಕೂಡದು. ಪಕ್ಕದ ಕಂಬದಲ್ಲಿ ಸರಿಸಮ ಎತ್ತರಕ್ಕೂ ಬೇಡ. ಬೇರೆ ಕಂಬ, ಸ್ವಲ್ಪ ದೂರ, ರಾಷ್ಟ್ರಧ್ವಜಕ್ಕಿಂತ ತಗ್ಗು. ನೋಡುವವರ ಎಡಕ್ಕೆ ತ್ರಿವರ್ಣ, ಬಲಕ್ಕೆ ಕನ್ನಡ ಬಾವುಟ.

ವಾಹನದ ವಿಷಯದಲ್ಲಿ ಅಂಗಡಿಯವರು ಮಾರುತ್ತಾರೆಂದು ಕೊಳ್ಳಬೇಡಿ. ಕಾರಿಗೆ ಧ್ವಜ ಹಾರಿಸುವ ಹಕ್ಕಿರುವುದು ರಾಷ್ಟ್ರಪತಿ, ರಾಜ್ಯಪಾಲರು, ಪ್ರಧಾನಿ, ಮುಖ್ಯಮಂತ್ರಿ, ನ್ಯಾಯಮೂರ್ತಿಗಳಂಥ ಪಟ್ಟಿಯಲ್ಲಿರುವವರಿಗೆ. ಬಾನೆಟ್ಟಿಗೆ ಹೊದಿಸುವುದಂತೂ ಸಂಹಿತೆಯನ್ನೂ ದಾಟಿದ ತಪ್ಪು, 1971ರ ರಾಷ್ಟ್ರ ಗೌರವ ಅವಮಾನ ತಡೆ ಕಾಯ್ದೆಯ ಕೆಳಗೇ ಬರುತ್ತದೆ. ಈ ಎರಡರ ವ್ಯತ್ಯಾಸ ತಿಳಿದಿರುವುದು ಒಳ್ಳೆಯದು. ಧ್ವಜ ಸಂಹಿತೆ ಪಾಲಿಸಬೇಕಾದ ಮಾರ್ಗಸೂಚಿ. ಅದು ಸಂವಿಧಾನದ ಅರ್ಥದಲ್ಲಿ ಕಾನೂನಲ್ಲ ಎಂದು 2004ರ ಜನವರಿ 23ರಂದು ಉದ್ಯಮಿ ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಗೌರವದಿಂದ ಧ್ವಜ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯ, ಅಂದರೆ ಅಭಿವ್ಯಕ್ತಿ ಸ್ವಾತಂತ್ರ್ಯದ, ಮೂಲಭೂತ ಹಕ್ಕು ಎಂದದ್ದೂ ಅದೇ ತೀರ್ಪು. ಜೈಲಿಗೆ ದಾರಿ ಇರುವುದು ಕಾಯ್ದೆಯಲ್ಲಿ: ಸಾರ್ವಜನಿಕವಾಗಿ ಸುಡುವುದು, ಹರಿಯುವುದು, ತುಳಿಯುವುದು, ಬೇಕೆಂದೇ ಕೇಸರಿ ಕೆಳಗಾಗಿ ಹಾರಿಸುವುದು, ನೆಲಕ್ಕೋ ನೀರಿಗೋ ತಾಗಿಸುವುದು, ಧ್ವಜದ ಮೇಲೆ ಅಕ್ಷರ ಬರೆಯುವುದು, ಸೊಂಟದ ಕೆಳಗೆ ಉಡುವುದು, ದಿಂಬು ಕರವಸ್ತ್ರಗಳ ಮೇಲೆ ಮುದ್ರಿಸುವುದು, ಇವಕ್ಕೆಲ್ಲ ಮೂರು ವರ್ಷದವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಕ್ರಿಕೆಟ್ ಸ್ಟೇಡಿಯಮ್ಮಿಗೆ ಧ್ವಜ ಒಯ್ದು ಬಿಳಿ ಪಟ್ಟಿಯ ಮೇಲೆ ಊರಿನ ಹೆಸರು ಬರೆಯುವವರಿಗೆ ‘ಅಕ್ಷರ ಬರೆಯುವುದು’ ಎಂಬ ಮಾತು ಗೊತ್ತೇ ಇರುವುದಿಲ್ಲ. ಊರಿನ ಯಾರಾದರೂ ಗಣ್ಯರು ತೀರಿಕೊಂಡರೆಂದು ಶಾಲೆಯವರು ತಾವಾಗಿಯೇ ಧ್ವಜ ಅರ್ಧಕ್ಕೆ ಇಳಿಸುವುದೂ ಇದೇ ಕಾಯ್ದೆಗೆ ಸಿಗುತ್ತದೆ. ಸರ್ಕಾರದ ಸೂಚನೆಯಿದ್ದಾಗ ಮಾತ್ರ ಅರ್ಧಕ್ಕೆ.

ಖಾದಿ ಧ್ವಜ ಚೆನ್ನಾಗಿಟ್ಟುಕೊಂಡರೆ ವರ್ಷಕ್ಕೆರಡು ಸಲದ ಸಮಾರಂಭಕ್ಕೆ ಹಲವು ವರ್ಷ ಬರುತ್ತದೆ. ಬೇರೆ ಬಟ್ಟೆಯೊಡನೆ ಸೇರಿಸದೆ, ತಣ್ಣೀರಿನಲ್ಲಿ ಸೌಮ್ಯ ಸೋಪಿನಿಂದ ಕೈಯಲ್ಲೇ ಅದ್ದಿ ತೆಗೆಯಿರಿ. ನೆನೆಹಾಕಿ ಬಿಟ್ಟರೆ ಹಸಿರು ಬಿಳಿಗೆ ಇಳಿಯುವ ಭಯವಿದೆ. ಹಿಂಡಬೇಡಿ. ನೆರಳಲ್ಲಿ ಮಂಚದ ಮೇಲೆ ಹರಡಿ ಒಣಗಿಸಿ. ಗಂಜಿ ಹಾಕಬಾರದು, ಬೀರುವಿನೊಳಗಿನ ಹುಳುಗಳಿಗೆ ಅದೇ ಔತಣ. ಮಡಚುವಾಗ ಕೇಸರಿ, ಹಸಿರು ಎರಡನ್ನೂ ಬಿಳಿಯ ಹಿಂದಕ್ಕೆ ಹಾಕಿ, ಆಮೇಲೆ ಎರಡು ಬದಿಯಿಂದ ಒಳಕ್ಕೆ ತಂದರೆ ಮೇಲೆ ಚಕ್ರವೂ ಆಚೀಚೆ ಎರಡು ಬಣ್ಣದ ಅಂಚೂ ಉಳಿಯುತ್ತದೆ. ಅಂಗೈ ಮೇಲಿಟ್ಟು ಒಯ್ದು ಹತ್ತಿಯ ಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿಟ್ಟರೆ ಉಳಿದ ತೇವವೇ ಬೂಷ್ಟಾಗುತ್ತದೆ. ನುಸಿಗುಳಿಗೆಯನ್ನು ಬಟ್ಟೆಗೆ ತಾಗುವಂತೆ ಇಡಬೇಡಿ, ಹಳದಿ ಕಲೆ ಬೀಳುತ್ತದೆ. ಒಣಗಿದ ಬೇವಿನ ಸೊಪ್ಪನ್ನು ಬೇರೆ ಚೀಟಿಯಲ್ಲಿ ಕಟ್ಟಿಟ್ಟರೆ ಸಾಕು.

ಹರಿದ ಮೇಲೆ? ಇಲ್ಲಿಯೂ ಖಾದಿಗೇ ಹೆಚ್ಚು ಅಂಕ. ಹಾಳಾದ ಧ್ವಜವನ್ನು ಖಾಸಗಿಯಾಗಿ, ಇಡಿಯಾಗಿ, ಆದಷ್ಟೂ ಸುಟ್ಟು ಅಥವಾ ಘನತೆಗೆ ಕುಂದಿಲ್ಲದ ಬೇರೆ ರೀತಿಯಲ್ಲಿ ವಿಲೇವಾರಿ ಮಾಡಬೇಕು. ತುಂಡು ಮಾಡಿ ಧೂಳೊರೆಸುವುದಕ್ಕಾಗಲಿ, ಕಸದ ಗಾಡಿಗಾಗಲಿ ಹಾಕುವಂತಿಲ್ಲ. ಖಾದಿ ಹತ್ತಿಯ ಬಟ್ಟೆ, ಹಿತ್ತಿಲಲ್ಲಿ ಒಂದು ಬಾಣಲೆಯೊಳಗೆ ಐದು ನಿಮಿಷದಲ್ಲಿ ಬೂದಿಯಾಗುತ್ತದೆ, ಬೂದಿ ಗಿಡದ ಬುಡಕ್ಕೆ. ಪಾಲಿಯೆಸ್ಟರ್ ಹಾಗೆ ಬೂದಿಯಾಗುವುದಿಲ್ಲ, ಕರಗುತ್ತ ಉರಿಯುತ್ತದೆ: ಕಪ್ಪು ಹೊಗೆ, ಘಾಟು, ಕೈಮೇಲೆ ಬಿದ್ದರೆ ಬೊಬ್ಬೆ ಏಳಿಸುವ ಬಿಸಿ ಹನಿಗಳು. ಅದನ್ನು ಸುಡದೆ, ಮೇಲೆ ಹೇಳಿದಂತೆ ಮಡಚಿ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಓಡಾಡುವ ಜಾಗ ಬಿಟ್ಟು ಎರಡಡಿ ಆಳದ ಗುಂಡಿಯಲ್ಲಿ ಹೂಳಬೇಕು. 25 ರೂಪಾಯಿಯ ಬಾವುಟ ಕೊಳ್ಳುವಾಗ ಈ ಗುಂಡಿ ತೋಡುವ ಕೂಲಿಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರುವುದಿಲ್ಲ.